ಹೋಮ್ ನರ್ಸ್‌ಗಳ ತರಬೇತಿ, ಅರ್ಹತೆಗೆ ಒಂದು ಜಿಲ್ಲಾ ನೋಂದಣಿ: ಕಟ್ಟುವ ಕ್ರಮ

ಮಂಗಳೂರು, ಉಡುಪಿ ಕಡೆ ಮಕ್ಕಳು ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ನೆಲೆಸಿ, ಹಾಸಿಗೆ ಹಿಡಿದ ತಂದೆ ತಾಯಿಯನ್ನು ನೋಡಿಕೊಳ್ಳಲು ಹೋಮ್ ನರ್ಸ್ ಇಟ್ಟ ಮನೆಗಳು ಊರೂರಿನಲ್ಲಿವೆ. ಬಂದವರು ಏನು ಕಲಿತಿದ್ದಾರೆ, ಎಲ್ಲಿ ಕಲಿತಿದ್ದಾರೆ ಎಂದು ಕೇಳಿದರೆ ಮನೆಯವರಿಗೆ ಸಿಗುವುದು ಏಜೆನ್ಸಿಯವರ ಬಾಯಿಮಾತು. ಹೋಮ್ ನರ್ಸ್‌ಗಳ ಕಡೆಯಿಂದ ನೋಡಿದರೂ ಕಷ್ಟವೇ. ರೈಲ್ಸ್ ಟ್ಯೂಬ್ (ಮೂಗಿನ ಮೂಲಕ ಆಹಾರ ಕೊಡುವ ನಳಿಗೆ), ಕ್ಯಾಥೆಟರ್ (ಮೂತ್ರದ ನಳಿಗೆ), ಬೆಡ್‌ಸೋರ್ (ಮಲಗಿ ಮಲಗಿ ಆಗುವ ಹುಣ್ಣು) ಇರುವವರನ್ನು ವರ್ಷಗಟ್ಟಲೆ ನೋಡಿಕೊಂಡ ಹೆಂಗಸು ಏಜೆನ್ಸಿ ಬಿಟ್ಟ ದಿನ ಆಕೆಯ ಅನುಭವಕ್ಕೆ ಒಂದು ಸಾಲಿನ ದಾಖಲೆಯೂ ಇರುವುದಿಲ್ಲ, ಹೊಸಬರ ಸಂಬಳಕ್ಕೇ ಮತ್ತೆ ಸೇರಬೇಕಾಗುತ್ತದೆ. ತರಬೇತಿ, ಸರ್ಟಿಫಿಕೇಟು, ಕಣ್ಣಾರೆ ಪರೀಕ್ಷಿಸಿದ ಕೈಕೆಲಸ ಇಷ್ಟನ್ನೂ ಕೆಲಸಗಾರರ ಹೆಸರಿನಲ್ಲೇ ಒಂದು ಕಡೆ ಇಡುವ ನೋಂದಣಿ ಇಬ್ಬರಿಗೂ ಬೇಕು. ಹಿರಿಯ ನಾಗರಿಕರ ಸಂಘವೋ ನರ್ಸಿಂಗ್ ಕಾಲೇಜೋ ಟ್ರಸ್ಟೋ ಇದಕ್ಕೆ ಕೈಹಾಕುವುದಾದರೆ ಎಲ್ಲಿಂದ ಹಿಡಿದು ಎಲ್ಲಿಗೆ ಮುಟ್ಟಿಸಬೇಕು ಎಂಬುದು ಈ ಬರಹ.

ಇದಕ್ಕೆ ಹಳೆಯ ಮಾದರಿ ಅಮೆರಿಕದಲ್ಲಿದೆ. ಅಲ್ಲಿನ 1987ರ ಕಾನೂನಿನಂತೆ, ವೃದ್ಧರ ಆರೈಕೆ ಕೇಂದ್ರಗಳಲ್ಲಿ ದುಡಿಯುವ ನರ್ಸ್ ಏಡ್‌ಗಳ (ನರ್ಸ್‌ಗಳ ಸಹಾಯಕರ) ನೋಂದಣಿಯನ್ನು ಪ್ರತಿ ರಾಜ್ಯವೂ ಇಡಬೇಕು. ತರಬೇತಿ ಕನಿಷ್ಠ 75 ಗಂಟೆ. ಸತತ 24 ತಿಂಗಳು ಸಂಬಳದ ಆರೈಕೆ ಕೆಲಸ ಮಾಡದಿದ್ದರೆ ಮತ್ತೆ ತರಬೇತಿಗೋ ಪರೀಕ್ಷೆಗೋ ಕೂರಬೇಕು. ದೌರ್ಜನ್ಯ, ನಿರ್ಲಕ್ಷ್ಯ, ಕಳವು ಸಾಬೀತಾದರೆ ಅದನ್ನು ನೋಂದಣಿಯಲ್ಲಿ ಬರೆಯುತ್ತಾರೆ, ಜೊತೆಗೆ ಆ ಕೆಲಸಗಾರರು ಅದನ್ನು ಒಪ್ಪದೆ ಬರೆದುಕೊಟ್ಟ ಹೇಳಿಕೆಯನ್ನೂ ಸೇರಿಸುತ್ತಾರೆ. ನಮ್ಮಲ್ಲಿ ಅಂಥ ಕಾನೂನಿನ ಬೆನ್ನಿಲ್ಲದೆ, ಜನ ತಾವಾಗಿ ಸೇರುವ ನೋಂದಣಿಯನ್ನೇ ಕಟ್ಟಬೇಕು. ಹಾಗಾಗಿ ನಂಬಿಕೆ ಹುಟ್ಟಿಸುವ ಕೆಲಸ ಇಲ್ಲಿ ಇನ್ನೂ ದೊಡ್ಡದು.

ಯಾರ ಕೈಯಲ್ಲಿರಬೇಕು

ಒಂದು ಏಜೆನ್ಸಿಯವರೇ ನಡೆಸಿದರೆ ಉಳಿದ ಏಜೆನ್ಸಿಯವರು ಒಬ್ಬರನ್ನೂ ಕಳಿಸುವುದಿಲ್ಲ, ತಮ್ಮ ಜನರನ್ನು ಸೆಳೆದುಕೊಳ್ಳುತ್ತಾರೆಂಬ ಹೆದರಿಕೆ. ಆದ್ದರಿಂದ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅಡಿ ನೋಂದಾಯಿಸಿದ ಸಂಘ, ಅಥವಾ ಈಗಾಗಲೇ ಇರುವ ಟ್ರಸ್ಟು ಇದರ ಹೊಣೆ ಹೊರಲಿ. ಸಮಿತಿಗೆ ಏಳು ಜನ ಸಾಕು: ಕೆಲಸಗಾರರಿಂದ ಇಬ್ಬರು, ಏಜೆನ್ಸಿಗಳಿಂದ ಒಬ್ಬರು, ನರ್ಸಿಂಗ್ ಅಧ್ಯಾಪಕರು ಒಬ್ಬರು, ಹಿರಿಯ ನಾಗರಿಕರ ಸಂಘದಿಂದ ಒಬ್ಬರು, ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ನೋಡಿಕೊಳ್ಳುವವರು ಒಬ್ಬರು, ವಕೀಲರೊಬ್ಬರು. ಏಜೆನ್ಸಿಗಳನ್ನು ಹೊರಗಿಡಬೇಡಿ. ಜನ ಇರುವುದು ಅವರ ಬಳಿಯೇ. ಆದರೆ ಬಹುಮತವನ್ನೂ ಕೊಡಬೇಡಿ.

ಕೆಲಸಗಾರರಿಂದ ಶುಲ್ಕ ತೆಗೆದುಕೊಳ್ಳಬಾರದು. ಮೊದಲ ತಿಂಗಳ ಸಂಬಳದಲ್ಲೇ ಕಮಿಷನ್ ಕಳೆದುಕೊಳ್ಳುವವರಿಗೆ ಇನ್ನೊಂದು ಕಡಿತ ಬೇಡ. ಖರ್ಚನ್ನು ಏಜೆನ್ಸಿಗಳ ವಾರ್ಷಿಕ ಚಂದಾ ಮತ್ತು ದಾನದಿಂದ ತೂಗಿಸಿ.

ಯಾರನ್ನು ಯಾವ ವರ್ಗಕ್ಕೆ

ಎಲ್ಲ ಗೊಂದಲದ ಬೇರು ಇಲ್ಲಿದೆ. ನಮ್ಮಲ್ಲಿ ಮೂರು ತಿಂಗಳ ಖಾಸಗಿ ಕೋರ್ಸ್ ಮಾಡಿದವರೂ ಹೋಮ್ ನರ್ಸ್, ಬಿಎಸ್ಸಿ ನರ್ಸಿಂಗ್ ಮುಗಿಸಿದವರೂ ಹೋಮ್ ನರ್ಸ್. ಮಾತಿನಲ್ಲಿ ಹಾಗೆ ಕರೆಯುವುದು ನಿಲ್ಲುವುದಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ. ನೋಂದಣಿಯಲ್ಲಿ ಮಾತ್ರ ‘ಹೋಮ್ ನರ್ಸ್’ ಎಂಬ ವರ್ಗವೇ ಇರಕೂಡದು. ನಾಲ್ಕು ವರ್ಗ ಮಾಡಿ.

ಒಂದನೆಯದು ನರ್ಸ್. ಎಎನ್‌ಎಂ (ಸಹಾಯಕ ನರ್ಸ್ ಕೋರ್ಸ್), ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಓದಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇರುವವರು. ಓದಿ ಪಾಸಾಗಿಯೂ ನೋಂದಣಿ ಸಂಖ್ಯೆ ಇಲ್ಲದವರನ್ನು ಇಲ್ಲಿ ಸೇರಿಸಬೇಡಿ. ಕಾಸರಗೋಡು ಕಡೆಯಿಂದ ಬಂದವರ ಬಳಿ ಕೇರಳದ ಕೌನ್ಸಿಲ್ ನೋಂದಣಿ ಇರುತ್ತದೆ. ಅದನ್ನು ‘ಕೇರಳ’ ಎಂದೇ ಬರೆದುಕೊಂಡು, ಕರ್ನಾಟಕದ ನೋಂದಣಿ ಆಗಿದೆಯೇ ಎಂಬುದಕ್ಕೆ ಬೇರೆ ಕಾಲಂ ಇಡಿ.

ಎರಡನೆಯದು ಸರಕಾರಿ ಮಾನ್ಯತೆಯ ಕೌಶಲ ಸರ್ಟಿಫಿಕೇಟ್ ಇರುವ ಸಹಾಯಕರು. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಜನರಲ್ ಡ್ಯೂಟಿ ಅಸಿಸ್ಟೆಂಟ್ (ಎಚ್‌ಎಸ್‌ಎಸ್/ಕ್ಯು5101) ಮತ್ತು ಹೋಮ್ ಹೆಲ್ತ್ ಏಡ್ (ಎಚ್‌ಎಸ್‌ಎಸ್/ಕ್ಯು5102) ಇದರಲ್ಲಿ ಮುಖ್ಯ. 2021ರ ಕೋವಿಡ್ ಕಾಲದಲ್ಲಿ ನಡೆದ ‘ಹೋಮ್ ಕೇರ್ ಸಪೋರ್ಟ್’ ಮುಂತಾದ ಕ್ರ್ಯಾಶ್ ಕೋರ್ಸ್‌ಗಳ ಸರ್ಟಿಫಿಕೇಟನ್ನೂ ಕೆಲವರು ತರುತ್ತಾರೆ. ಅದೂ ಇದೇ ವರ್ಗ, ಆದರೆ ಕೋರ್ಸ್‌ನ ಹೆಸರು ಪೂರ್ತಿ ಬರೆಯಿರಿ. ಕಿರು ಅವಧಿಯ ತರಬೇತಿಯನ್ನು ಪೂರ್ಣ ಕೋರ್ಸಿನ ಜೊತೆ ಬೆರೆಸಿದರೆ ಎರಡಕ್ಕೂ ಅನ್ಯಾಯ.

ಮೂರನೆಯದು ಖಾಸಗಿ ಸಂಸ್ಥೆಯ ಕೋರ್ಸ್ ಮಾಡಿದವರು. ನಾಲ್ಕನೆಯದು ಯಾವ ಕಾಗದವೂ ಇಲ್ಲದೆ ಕೆಲಸದಲ್ಲೇ ಕಲಿತವರು. ಈ ಕೊನೆಯ ವರ್ಗದವರನ್ನು ಬಿಟ್ಟು ನೋಂದಣಿ ಕಟ್ಟಲು ಹೊರಟರೆ ಅದು ಕಾಗದದಲ್ಲಿ ಚೆಂದ ಕಾಣುತ್ತದೆ, ಊರಿಗೆ ಉಪಯೋಗಕ್ಕೆ ಬರುವುದಿಲ್ಲ. ಒಳ್ಳೆಯ ಆರೈಕೆ ಮಾಡುವ ಎಷ್ಟೋ ಜನ ಇರುವುದು ಅಲ್ಲೇ. ಅವರಿಗಾಗಿಯೇ ಮುಂದೆ ಹೇಳುವ ಕೈಕೆಲಸದ ಪರೀಕ್ಷೆ ಬೇಕು.

ಮಾಹಿತಿ ಇಡುವ ಬಗೆ

ಮೊದಲ ಐನೂರು ಜನರವರೆಗೆ ದುಬಾರಿ ಸಾಫ್ಟ್‌ವೇರ್ ಬೇಡ. ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಸಾಕು. ಆದರೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುರುಕಬೇಡಿ. ಒಬ್ಬರಿಗೆ ಮೂರು ತರಬೇತಿ ಇದ್ದರೆ ಕಾಲಂ ಉದ್ದವಾಗುತ್ತಾ ಹೋಗಿ ಹುಡುಕುವುದೇ ಆಗದಂತಾಗುತ್ತದೆ. ಐದು ಹಾಳೆ ಮಾಡಿ: ವ್ಯಕ್ತಿ, ತರಬೇತಿ, ಕೌಶಲ ಪರೀಕ್ಷೆ, ಕೆಲಸದ ಅನುಭವ, ದೂರು ಮತ್ತು ತೀರ್ಮಾನ. ಐದನ್ನೂ ಜೋಡಿಸುವುದು ನೋಂದಣಿ ಸಂಖ್ಯೆ.

ಆ ಸಂಖ್ಯೆ ಫೋನ್ ನಂಬರ್ ಆಗಿರಬಾರದು, ಸಿಮ್ ಬದಲಾಗುತ್ತಲೇ ಇರುತ್ತದೆ. ಆಧಾರ್ ಸಂಖ್ಯೆಯಂತೂ ಬೇಡವೇ ಬೇಡ. ಐದಂಕಿಯ ಕ್ರಮಸಂಖ್ಯೆ ಕೊಟ್ಟು ಕೊನೆಯಲ್ಲಿ ಒಂದು ತಾಳೆ ಅಂಕಿ ಸೇರಿಸಿ. ಐದು ಅಂಕಿಗಳನ್ನು ಎಡದಿಂದ 6, 5, 4, 3, 2ರಿಂದ ಗುಣಿಸಿ ಕೂಡಿ, ಮೊತ್ತವನ್ನು 11ರಿಂದ ಭಾಗಿಸಿ ಉಳಿದ ಶೇಷವನ್ನು 11ರಿಂದ ಕಳೆಯಿರಿ. 00127ಕ್ಕೆ ಮೊತ್ತ 4+6+14, ಅಂದರೆ 24. ಶೇಷ 2, ತಾಳೆ ಅಂಕಿ 9. ಸಂಖ್ಯೆ 00127-9. ಉತ್ತರ 11 ಬಂದರೆ 0 ಎಂದು ಬರೆಯಿರಿ, 10 ಬಂದರೆ ಆ ಕ್ರಮಸಂಖ್ಯೆಯನ್ನೇ ಬಿಟ್ಟುಬಿಡಿ. ಫೋನಿನಲ್ಲಿ ಹೇಳುವಾಗ 27 ಹೋಗಿ 72 ಆದರೆ ತಾಳೆ ತಪ್ಪಿ ತಕ್ಷಣ ಗೊತ್ತಾಗುತ್ತದೆ, ಒಬ್ಬರ ದಾಖಲೆ ಇನ್ನೊಬ್ಬರಿಗೆ ಅಂಟುವುದಿಲ್ಲ.

ಎಕ್ಸೆಲ್‌ನಲ್ಲಿ ಕೆಡುವುದು ಮೂರು ಕಡೆ. ಇ-ಶ್ರಮ್ (ಅಸಂಘಟಿತ ಕಾರ್ಮಿಕರ ಸರಕಾರಿ ನೋಂದಣಿ) ಸಂಖ್ಯೆ 12 ಅಂಕಿ. ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡದಿದ್ದರೆ ಅದು 1.23E+11 ಎಂದು ಕಾಣುತ್ತದೆ, ಸೊನ್ನೆಯಿಂದ ಶುರುವಾಗುವ ಸಂಖ್ಯೆಗಳ ಸೊನ್ನೆ ಹಾರಿಹೋಗುತ್ತದೆ. ಎರಡು, ತಾರೀಕು: ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 05/08 ಎಂಬುದು ಆಗಸ್ಟ್ 5ರ ಬದಲು ಮೇ 8 ಆಗುತ್ತದೆ. 2025-08-05 ಎಂದು ವರ್ಷ ಮೊದಲಿಟ್ಟು ಬರೆಯುವ ಕಟ್ಟುಪಾಡು ಹಾಕಿ. ಮೂರನೆಯದು ಅಕ್ಷರ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರು ಇನ್ನೊಂದು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ, ಹುಡುಕಿದರೂ ಸಿಗದು. ಯೂನಿಕೋಡ್ ಕೀಲಿಮಣೆಯಲ್ಲೇ ಟೈಪ್ ಮಾಡಿಸಿ.

ಹೆಸರನ್ನು ಎರಡು ಕಾಲಂನಲ್ಲಿ ಬರೆಯಿರಿ: ಸರ್ಟಿಫಿಕೇಟಿನಲ್ಲಿ ಇರುವ ಇಂಗ್ಲಿಷ್ ಕಾಗುಣಿತ ಹಾಗೇ, ಮತ್ತು ಕನ್ನಡದಲ್ಲಿ. ಶ್ವೇತಾ ಎಂಬ ಹೆಸರಿಗೇ ಇಂಗ್ಲಿಷಿನಲ್ಲಿ ಹಲವು ಕಾಗುಣಿತ, ಮದುವೆಯ ನಂತರ ಇನಿಷಿಯಲ್ ಬೇರೆ. ಹುಟ್ಟಿದ ದಿನವೊಂದನ್ನೇ ನಂಬಿ ಇಬ್ಬರನ್ನು ಒಬ್ಬರೆಂದು ತೀರ್ಮಾನಿಸಬೇಡಿ. ಶಾಲೆಗೆ ಸೇರಿಸುವಾಗ ಬರೆಸಿದ ಜೂನ್ 1 ನಮ್ಮ ರಾಜ್ಯದಲ್ಲಿ ಎಷ್ಟೋ ಜನರ ಹುಟ್ಟುಹಬ್ಬ. ಹುಟ್ಟಿದ ದಿನ, ತಾಯಿಯ ಹೆಸರು, ಮಾಸ್ಕ್ ಮಾಡಿದ (ಮೊದಲ ಅಂಕಿಗಳನ್ನು ಮರೆಮಾಡಿದ) ಆಧಾರ್‌ನ ಕೊನೆಯ ನಾಲ್ಕಂಕಿ ಈ ಮೂರೂ ಹೊಂದಿದರೆ ಮಾತ್ರ ಒಬ್ಬರೇ ಎಂದು ಹಿಡಿಯಿರಿ.

ಭಾಷೆಯ ಕಾಲಂ ಮರೆಯಬೇಡಿ: ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳಂ, ಹಿಂದಿ. ಮರೆವಿನ ಕಾಯಿಲೆಯ ಹಿರಿಯರು ಕಲಿತ ಭಾಷೆಗಳನ್ನು ಬಿಟ್ಟು ತಾಯಿನುಡಿಗೆ ಮರಳುವುದುಂಟು. ತುಳು ಬಾರದವರು ಎಷ್ಟೇ ತರಬೇತಿ ಪಡೆದಿದ್ದರೂ ಆ ಅಜ್ಜಿಗೆ ನೀರು ಬೇಕೋ ನೋವಿದೆಯೋ ತಿಳಿಯಲಾರರು. ಇಲ್ಲಿ ಭಾಷೆಯೂ ಒಂದು ಅರ್ಹತೆ. ಅಡುಗೆ ಮಾಡುತ್ತಾರೆಯೇ, ಮೀನು ಮಾಂಸದ ಅಡುಗೆಗೆ ಒಪ್ಪುತ್ತಾರೆಯೇ ಎಂಬುದನ್ನು ಅವರನ್ನೇ ಕೇಳಿ ಬರೆಯಿರಿ. ಜಾತಿಯ ಕಾಲಂ ಮಾತ್ರ ಬೇಡ. ಕೆಲವು ಮನೆಯವರು ಕೇಳಿಯೇ ಕೇಳುತ್ತಾರೆ, ಆದರೂ ಅದು ನೋಂದಣಿಯಲ್ಲಿ ಇರಲೇಕೂಡದು ಎಂದು ಸಮಿತಿಯ ಮೊದಲ ಸಭೆಯಲ್ಲೇ ಬರೆದು ಸಹಿ ಮಾಡಿ.

ಪರಿಶೀಲನೆ

ನೋಂದಣಿಗೆ ಬೆಲೆ ಬರುವುದು ಈ ಒಂದು ಕೆಲಸದಿಂದ. ತರಬೇತಿ ಹಾಳೆಯ ಪ್ರತಿ ಸಾಲಿನಲ್ಲೂ ಮೂರು ಕಾಲಂ ಖಾಲಿ ಬಿಡಬಾರದು: ಯಾರು ಪರಿಶೀಲಿಸಿದರು, ಯಾವ ದಿನ, ಹೇಗೆ. ‘ಪರಿಶೀಲಿಸಲಾಗಿದೆ’ ಎಂಬ ಒಂದೇ ಪದಕ್ಕೆ ಅರ್ಥವಿಲ್ಲ. ಮಟ್ಟ ಬರೆಯಿರಿ. ಮಟ್ಟ 1 ಅಂದರೆ ಕೆಲಸಗಾರರೇ ಹೇಳಿದ್ದು. ಮಟ್ಟ 2, ಮೂಲ ಪ್ರತಿಯನ್ನು ಕೈಯಲ್ಲಿ ಹಿಡಿದು ನೋಡಿದ್ದು. ಮಟ್ಟ 3, ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಯಿಂದಲೇ ಖಚಿತವಾದದ್ದು. ಝೆರಾಕ್ಸ್ ಅಥವಾ ವಾಟ್ಸಾಪ್ ಫೋಟೋ ಎಂದೂ ಮಟ್ಟ 1ನ್ನು ದಾಟುವುದಿಲ್ಲ.

ಕೌಶಲ ಸರ್ಟಿಫಿಕೇಟಿನಲ್ಲಿ ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿದಾಗ ಪುಟ ತೆರೆಯಿತು ಎಂದ ಮಾತ್ರಕ್ಕೆ ಬಿಡಬೇಡಿ. ತೆರೆದ ಪುಟದ ವಿಳಾಸ ಸರಕಾರದ ತಾಣದ್ದೇ ಎಂದು ಓದಿ ನೋಡಿ. ನಕಲಿ ಕೋಡು ಬೇರೆಲ್ಲೋ ಇಟ್ಟ ಚಿತ್ರವೊಂದನ್ನು ತೋರಿಸಿ ಸುಮ್ಮನಾಗಬಹುದು. ಆಮೇಲೆ ಕಾಗದದ ಮೇಲಿನ ಹೆಸರು, ಕೋರ್ಸ್, ಸರ್ಟಿಫಿಕೇಟ್ ಸಂಖ್ಯೆ ಮೂರನ್ನೂ ಪುಟದ ಜೊತೆ ಬೆರಳಿಟ್ಟು ಹೋಲಿಸಿ. ಡಿಜಿಲಾಕರ್‌ನಲ್ಲಿ ಇದ್ದರೆ ಅವರದ್ದೇ ಫೋನಿನಲ್ಲಿ, ಅವರೇ ಓಟಿಪಿ ಹಾಕಿ ತೆರೆಯಲಿ. ಓಟಿಪಿಯನ್ನು ನೀವು ಕೇಳಬೇಡಿ. ನರ್ಸ್‌ಗಳ ನೋಂದಣಿಯನ್ನು ಕೌನ್ಸಿಲ್‌ನಿಂದ ಖಚಿತಪಡಿಸಿಕೊಳ್ಳಿ, ನವೀಕರಣದ ದಿನಾಂಕವನ್ನೂ ಬರೆದುಕೊಳ್ಳಿ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್‌ನ ಬಿಎಲ್‌ಎಸ್ (ತುರ್ತು ಜೀವರಕ್ಷಣೆಯ ತರಬೇತಿ) ಕಾರ್ಡಿಗೆ ಎರಡೇ ವರ್ಷದ ಆಯುಷ್ಯ, ಮುಗಿದದ್ದನ್ನು ‘ಅವಧಿ ಮೀರಿದೆ’ ಎಂದೇ ಬರೆಯಿರಿ.

ಖಾಸಗಿ ಸಂಸ್ಥೆಗಳಿಗೆ ತಿಂಗಳಿಗೊಮ್ಮೆ ಹೆಸರುಗಳ ಪಟ್ಟಿ ಕಳಿಸಿ ಕೇಳಿ: ಈ ಜನ ಈ ವರ್ಷ ನಿಮ್ಮಲ್ಲಿ ಕಲಿತದ್ದು ಹೌದೇ, ಒಟ್ಟು ಎಷ್ಟು ಗಂಟೆ, ಅದರಲ್ಲಿ ಆಸ್ಪತ್ರೆಯಲ್ಲಿ ಎಷ್ಟು. ತಿಂಗಳುಗಳ ಲೆಕ್ಕ ಬೇಡ, ಗಂಟೆಗಳ ಲೆಕ್ಕ ಬೇಕು. ವಾರಕ್ಕೆರಡು ಸಂಜೆ ನಡೆದ ಆರು ತಿಂಗಳ ಕೋರ್ಸೂ ಇಡೀ ದಿನ ನಡೆದ ಆರು ತಿಂಗಳ ಕೋರ್ಸೂ ಒಂದಲ್ಲ. ಸಂಸ್ಥೆ ಮುಚ್ಚಿಹೋಗಿದ್ದರೆ ‘ಸಂಸ್ಥೆ ಮುಚ್ಚಿದೆ, ಖಚಿತಪಡಿಸಲಾಗಲಿಲ್ಲ’ ಎಂದು ಬರೆದು ಮಟ್ಟ 2ರಲ್ಲೇ ಬಿಡಿ. ಅದು ಆ ಹುಡುಗಿಯ ತಪ್ಪಲ್ಲ.

ಮೂಲ ಸರ್ಟಿಫಿಕೇಟನ್ನು ಒಂದು ರಾತ್ರಿಯೂ ನಿಮ್ಮ ಬಳಿ ಇಟ್ಟುಕೊಳ್ಳಬೇಡಿ. ಕೆಲಸ ಬಿಟ್ಟು ಹೋಗದಂತೆ ಮೂಲ ಪ್ರತಿಗಳನ್ನು ಹಿಡಿದಿಟ್ಟುಕೊಳ್ಳುವ ಕೆಟ್ಟ ಪದ್ಧತಿ ಈ ಕಸುಬಿನಲ್ಲಿದೆ. ನೋಂದಣಿಯೂ ಅದನ್ನೇ ಮಾಡಿದರೆ ಎರಡನೆಯ ದಿನ ಯಾರೂ ಬರುವುದಿಲ್ಲ. ನೋಡಿ, ಸ್ಕ್ಯಾನ್ ಮಾಡಿ, ಅಲ್ಲೇ ಕೈಗೆ ಕೊಟ್ಟು ವಾಪಸ್ ಪಡೆದ ಸಹಿ ಹಾಕಿಸಿಕೊಳ್ಳಿ.

ಪೊಲೀಸ್ ಪರಿಶೀಲನೆ ಮಂಗಳೂರು ನಗರದಲ್ಲಿ ಕಮಿಷನರೇಟ್‌ಗೆ ಸೇರಿದ್ದು, ಜಿಲ್ಲೆಯ ಉಳಿದ ಭಾಗ ಮತ್ತು ಉಡುಪಿಯಲ್ಲಿ ಆಯಾ ಎಸ್‌ಪಿ ವ್ಯಾಪ್ತಿಗೆ. ಹೊರಜಿಲ್ಲೆಯಿಂದ ಬಂದವರಿಗೆ ಸ್ವಂತ ಊರಿನ ಠಾಣೆಯ ಪರಿಶೀಲನೆಯೂ ಇರಬೇಕು, ಇಲ್ಲಿಗೆ ಬಂದು ಎರಡು ತಿಂಗಳಾದವರ ಬಗ್ಗೆ ಇಲ್ಲಿನ ಠಾಣೆಗೆ ಹೇಳಲು ಏನಿರುತ್ತದೆ? ಪ್ರಮಾಣಪತ್ರದ ಸಂಖ್ಯೆ, ದಿನಾಂಕ ಬರೆಯಿರಿ. ವರ್ಷ ದಾಟಿದ್ದನ್ನು ಹಳೆಯದೆಂದು ಗುರುತಿಸಿ.

ಕೈಕೆಲಸದ ಪರೀಕ್ಷೆ

ನರ್ಸಿಂಗ್ ಕಾಲೇಜಿನ ಲ್ಯಾಬ್ ಒಂದನ್ನು ತಿಂಗಳಿಗೆ ಒಂದು ಭಾನುವಾರ ಕೇಳಿಕೊಳ್ಳಿ. ಪರೀಕ್ಷಿಸುವವರು ನೋಂದಾಯಿತ ನರ್ಸ್ ಆಗಿರಬೇಕು, ಅಭ್ಯರ್ಥಿಯ ಏಜೆನ್ಸಿಯವರಾಗಿರಬಾರದು. ಬರೆಯುವ ಪರೀಕ್ಷೆ ಇಡಬೇಡಿ. ಓದು ಬರಹ ಕಡಿಮೆ ಇದ್ದೂ ರೋಗಿಯನ್ನು ಹೂವಿನಂತೆ ಎತ್ತಿ ಕೂರಿಸುವವರು ಅದರಲ್ಲಿ ಬಿದ್ದುಹೋಗುತ್ತಾರೆ.

ಮೂರು ಮೇಜು, ಪ್ರತಿಯೊಂದಕ್ಕೆ ಹತ್ತು ನಿಮಿಷ. ಮೊದಲನೆಯದು ಹಾಸಿಗೆಯಿಂದ ವೀಲ್‌ಚೇರ್‌ಗೆ. ಎಡಭಾಗ ಸ್ವಾಧೀನ ತಪ್ಪಿದ ರೋಗಿಯೆಂದು ಹೇಳಿ ಸುಮ್ಮನೆ ನೋಡುತ್ತಾ ನಿಲ್ಲಿ. ವೀಲ್‌ಚೇರನ್ನು ರೋಗಿಯ ಬಲವಿರುವ ಬದಿಗೆ, ಅಂದರೆ ಬಲಕ್ಕೆ ತಂದು ಓರೆಯಾಗಿ ಇಡಬೇಕು. ಎರಡೂ ಬ್ರೇಕ್ ಹಾಕಬೇಕು, ಪಾದದ ಹಲಗೆ ಮಡಚಬೇಕು. ರೋಗಿಯನ್ನು ಹಾಸಿಗೆಯ ಅಂಚಿನಲ್ಲಿ ಕೂರಿಸಿ, ತಲೆ ಸುತ್ತುತ್ತದೆಯೇ ಎಂದು ಕೇಳಿ, ಒಂದೆರಡು ನಿಮಿಷ ಕಾಯಬೇಕು. ತೋಳು ಹಿಡಿದು ಎಳೆಯಬಾರದು, ಸ್ವಾಧೀನವಿಲ್ಲದ ಭುಜ ಜಾರುವುದು ಹಾಗೆಯೇ. ಸೊಂಟದ ಪಟ್ಟಿಯಲ್ಲಿ ಹಿಡಿದು, ತನ್ನ ಮೊಣಕಾಲಿನಿಂದ ರೋಗಿಯ ಎಡ ಮೊಣಕಾಲಿಗೆ ಆಸರೆ ಕೊಟ್ಟು, ಬೆನ್ನು ಬಗ್ಗಿಸದೆ ಮೊಣಕಾಲು ಬಗ್ಗಿಸಿ ಎಬ್ಬಿಸಿ ತಿರುಗಿಸಬೇಕು. ಬ್ರೇಕ್ ಹಾಕದಿರುವುದು, ತೋಳು ಎಳೆಯುವುದು ಇವೆರಡರಲ್ಲಿ ಒಂದಾದರೂ ಆದರೆ ಉಳಿದದ್ದೆಲ್ಲ ಸರಿಯಿದ್ದರೂ ಮರುಪರೀಕ್ಷೆ.

ಎರಡನೆಯ ಮೇಜಿನಲ್ಲಿ ರೈಲ್ಸ್ ಟ್ಯೂಬಿನ ಆಹಾರ. ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತಿದರೇ, ಮೂಗಿನ ಬಳಿಯ ಗುರುತು ಸರಿದಿಲ್ಲವೆಂದು ನೋಡಿದರೇ, ಸಿರಿಂಜನ್ನು ಒತ್ತದೆ ತಾನಾಗಿ ಇಳಿಯಲು ಬಿಟ್ಟರೇ, ಕೊನೆಗೆ ನೀರು ಹಾಕಿದರೇ, ಕೆಮ್ಮು ಬಂದ ಕೂಡಲೇ ನಿಲ್ಲಿಸಿದರೇ? ಟ್ಯೂಬ್ ಹೊರಬಂದರೆ ಏನು ಮಾಡುವಿರಿ ಎಂದು ಕೇಳಿ. ‘ನಾನೇ ಹಾಕುತ್ತೇನೆ’ ಎಂದರೆ ಫೇಲ್. ಹಾಕುವುದು ನರ್ಸ್ ಅಥವಾ ವೈದ್ಯರ ಕೆಲಸ. ಮೂರನೆಯದರಲ್ಲಿ ಮಗ್ಗುಲು ಬದಲಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ದಿಂಬು ಇಡುವುದು, ಯೂರಿನ್ ಬ್ಯಾಗನ್ನು ಮೂತ್ರಕೋಶದ ಮಟ್ಟಕ್ಕಿಂತ ಕೆಳಗೆ ಆದರೆ ನೆಲಕ್ಕೆ ತಾಗದಂತೆ ತೂಗುಹಾಕುವುದು.

ಅಂಕದ ಬದಲು ಮೂರೇ ಮಾತು ಬರೆಯಿರಿ: ಸ್ವತಂತ್ರವಾಗಿ ಮಾಡುತ್ತಾರೆ, ಹೇಳಿಕೊಟ್ಟರೆ ಮಾಡುತ್ತಾರೆ, ಇನ್ನೂ ಕಲಿಯಬೇಕು. ಮೂರನೆಯದು ಬಂದವರಿಗೆ ಅಂದೇ ತೋರಿಸಿಕೊಟ್ಟು ಮುಂದಿನ ತಿಂಗಳು ಮತ್ತೆ ಕರೆಯಿರಿ. ಆ ಸಾಲು ಹೊರಗಿನವರಿಗೆ ಕಾಣಬಾರದು.

ನೋಂದಣಿಯ ದಿನ

ಒಬ್ಬರಿಗೆ 20 ನಿಮಿಷ ಹಿಡಿಯಿರಿ. ಎರಡು ಮೇಜು ಹಾಕಿ ನಾಲ್ಕು ಗಂಟೆ ಕೂತರೆ 24 ಜನ. ಇನ್ನೂರು ಜನರನ್ನು ಒಟ್ಟಿಗೆ ಕರೆದರೆ ಪರಿಶೀಲನೆ ಸತ್ತುಹೋಗಿ ಬರೀ ಹೆಸರು ಬರೆಯುವ ಮೇಳವಾಗುತ್ತದೆ. ಮನೆಯಲ್ಲೇ ಉಳಿದು 24 ಗಂಟೆ ನೋಡಿಕೊಳ್ಳುವವರಿಗೆ ವಾರದ ರಜೆಯೇ ಇರುವುದಿಲ್ಲ. ಅವರು ಊರಿಗೆ ಹೋಗುವುದು ಮೊಂತಿ ಫೆಸ್ತ್, ದೀಪಾವಳಿ, ಕ್ರಿಸ್ಮಸ್, ಬಿಸು ಹೊತ್ತಿಗೆ. ಅದರ ಹಿಂದುಮುಂದಿನ ದಿನಗಳನ್ನು ಅವರಿಗೇ ಮೀಸಲಿಡಿ. ಮಳೆಗಾಲದಲ್ಲಿ ಕರೆಂಟು ಕೈಕೊಡುತ್ತದೆ, ಅದಕ್ಕೆ ಕಾಗದದ ಅರ್ಜಿ ಸದಾ ಇರಲಿ.

ಒಪ್ಪಿಗೆ ಪತ್ರವಿಲ್ಲದೆ ಒಂದಕ್ಷರವನ್ನೂ ಬರೆಯಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ತಿಳಿಸಬೇಕು, ಒಪ್ಪಿಗೆ ಹಿಂತೆಗೆಯುವ ದಾರಿಯನ್ನೂ ಹೇಳಬೇಕು, ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕು. ಕನ್ನಡ, ಕೊಂಕಣಿ, ಮಲಯಾಳಂ ಅದರಲ್ಲಿವೆ, ತುಳುವೂ ಬ್ಯಾರಿಯೂ ಇಲ್ಲ. ಆ ಭಾಷಿಕರಿಗೆ ಬಾಯಲ್ಲಿ ಓದಿ ಹೇಳಿ. ಮಾಹಿತಿ ಇಡುವುದಕ್ಕೆ, ಮನೆಯವರಿಗೆ ತೋರಿಸುವುದಕ್ಕೆ, ಹೊಸ ಕೆಲಸಕ್ಕೆ ಕರೆ ಮಾಡುವುದಕ್ಕೆ ಬೇರೆಬೇರೆ ಸಹಿ ಇರಲಿ. ಮೊದಲನೆಯದಕ್ಕೆ ಮಾತ್ರ ಒಪ್ಪಿದವರನ್ನೂ ಸೇರಿಸಿಕೊಳ್ಳಿ.

ಯಾರಿಗೆ ಏನು ಕಾಣಬೇಕು

ಪಟ್ಟಿಯನ್ನು ಎಲ್ಲರೂ ತಿರುವಿಹಾಕುವಂತೆ ತೆರೆದಿಡಬೇಡಿ. ಇದರಲ್ಲಿ ಹೆಚ್ಚಿನವರು ಒಂಟಿಯಾಗಿ ಬೇರೆಯವರ ಮನೆಯಲ್ಲಿ ಉಳಿಯುವ ಹೆಂಗಸರು. ಮನೆಯವರು ನೋಂದಣಿ ಸಂಖ್ಯೆ ಹಾಕಿದರೆ ಆ ಒಬ್ಬರ ಹೆಸರು, ಫೋಟೋ, ವರ್ಗ, ಕೌಶಲ, ಪರಿಶೀಲನೆಯ ಮಟ್ಟ ಮತ್ತು ದಿನಾಂಕ, ಸದ್ಯದ ಸ್ಥಿತಿ ಕಾಣಲಿ. ಫೋನ್, ವಿಳಾಸ, ಹುಟ್ಟಿದ ದಿನ ಕಾಣುವುದು ಬೇಡ. ಏಜೆನ್ಸಿಗಳ ‘ಜನ ಸೆಳೆಯುತ್ತಾರೆ’ ಎಂಬ ಭಯವೂ ಇದರಿಂದಲೇ ತಗ್ಗುತ್ತದೆ.

ದೂರು

ಬಂದ ದೂರನ್ನು ನೇರವಾಗಿ ದಾಖಲೆಗೆ ಅಂಟಿಸಬೇಡಿ. ಬಂಗಾರ ಕಾಣೆಯಾದರೆ ಮೊದಲ ಬೆರಳು ಹೋಮ್ ನರ್ಸ್ ಕಡೆಗೇ, ಆಮೇಲೆ ಅದು ಕಪಾಟಿನ ಇನ್ನೊಂದು ಮೂಲೆಯಲ್ಲಿ ಸಿಕ್ಕಿದಾಗ ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಬರಹದ ದೂರು ಪಡೆದು, ಅದರ ಪ್ರತಿಯನ್ನು ಕೆಲಸಗಾರರಿಗೆ ಕೊಟ್ಟು, 15 ದಿನದಲ್ಲಿ ಇಬ್ಬರನ್ನೂ ಕೇಳಿ. ಮೂವರ ಉಪಸಮಿತಿಯಲ್ಲಿ ಒಬ್ಬರು ಕೆಲಸಗಾರರ ಪ್ರತಿನಿಧಿ ಇರಲೇಬೇಕು. ಸಾಬೀತಾದದ್ದನ್ನು ಮಾತ್ರ ಬರೆಯಿರಿ, ಅದರ ಪಕ್ಕದಲ್ಲೇ ಅವರ ಉತ್ತರವನ್ನೂ ಬರೆಯಿರಿ. ಹಲ್ಲೆ, ಕಳವಿನಂಥದ್ದಕ್ಕೆ ಪೊಲೀಸ್ ಠಾಣೆಯೇ ಜಾಗ, ನಿಮ್ಮ ಪಂಚಾಯಿತಿಕೆ ಅಲ್ಲ. ಹಿರಿಯರಿಗೆ ತೊಂದರೆಯಾಗುತ್ತಿದೆ ಎಂದು ತಿಳಿದರೆ 14567 ಸಹಾಯವಾಣಿ ಇದೆ.

ಕೆಲಸಗಾರರ ದೂರಿಗೂ ಅದೇ ಪುಸ್ತಕದಲ್ಲಿ ಜಾಗ ಇರಲಿ: ಸಂಬಳ ಬಾಕಿ, ಊಟ ಸರಿಯಿಲ್ಲ, ರಾತ್ರಿಯಿಡೀ ನಿದ್ದೆಯಿಲ್ಲ, ಮೈಮುಟ್ಟುವ ಗಂಡಸರು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಮನೆಯೂ ಕೆಲಸದ ಸ್ಥಳವೇ, ಅಂಥ ದೂರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಆ ದಾರಿ ಅವರಿಗೆ ಗೊತ್ತಿರುವುದಿಲ್ಲ, ನೋಂದಣಿ ಚೀಟಿಯ ಹಿಂಬದಿಯಲ್ಲೇ ಅಚ್ಚು ಹಾಕಿಸಿ.

ನವೀಕರಣ

ವರ್ಷಕ್ಕೊಮ್ಮೆ ಫೋನ್ ಮಾಡಿ ವಿವರ ಕೇಳಿ. ಹುಟ್ಟಿದ ತಿಂಗಳ ಪ್ರಕಾರ ಹಂಚಿದರೆ ಜೂನ್ ಒಂದರಲ್ಲೇ ರಾಶಿ ಬೀಳುತ್ತದೆ, ನೋಂದಾಯಿಸಿದ ತಿಂಗಳ ಪ್ರಕಾರ ಮಾಡಿ. ಮೂರು ಬೇರೆ ದಿನ ಫೋನ್ ತಾಗದಿದ್ದರೆ ಸ್ಥಿತಿಯನ್ನು ‘ವಿರಾಮ’ ಮಾಡಿ, ಅಳಿಸಬೇಡಿ. ಹೆರಿಗೆಗೋ ಮಕ್ಕಳ ಶಾಲೆಗೋ ಬಿಟ್ಟವರು ಎರಡು ಮೂರು ವರ್ಷ ಕಳೆದು ಬರುತ್ತಾರೆ. ಅಂಥವರಿಗೆ ಕೈಕೆಲಸದ ಪರೀಕ್ಷೆ ಮತ್ತೊಮ್ಮೆ ಮಾಡಿ, ಹಳೆಯ ಸಾಲುಗಳನ್ನು ಹಾಗೇ ಉಳಿಸಿ, ಹೊಸ ದಿನಾಂಕದ ಸಾಲು ಸೇರಿಸಿ.

ಇಡೀ ಕಡತದ ಪಾಸ್‌ವರ್ಡ್ ಹಾಕಿದ ಪ್ರತಿಯೊಂದನ್ನು ವಾರಕ್ಕೊಮ್ಮೆ ಬೇರೆ ಕಟ್ಟಡದಲ್ಲಿ ಇಡಿ. ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ನಿಜಕ್ಕೂ ತೆರೆದು, ಹತ್ತು ಹೆಸರನ್ನು ಕಾಗದದ ಅರ್ಜಿಯ ಜೊತೆ ತಾಳೆ ನೋಡಿ.